ಒಂದು ಬಿಲ್ಲೆ, ನಲವತ್ತು ಹೆಂಗಸರು

ಸಾಫಿ
ನವೆಂಬರ್ ೧೪, ಗುರುವಾರ

ನವಾಲ್ ಅಕ್ಕನಿಗೆ ಸಿಹಾಮಳ ಸಲಾಂ.

ಮೊದಲು ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಕ್ಷೇಮಸಮಾಚಾರ. ಮಾರ್ಚ್ ತಿಂಗಳಲ್ಲಿ ನಿಮ್ಮ ಕಂಪನಿಯ ನೀಲಿ ದೂರುಪೆಟ್ಟಿಗೆಯಲ್ಲಿ ನಿನಗೆ ಸಿಕ್ಕಿದ ಇಪ್ಪತ್ತಮೂರು ದೂರುಗಳನ್ನು ಬರೆದವಳು ನಾನು. ಇಪ್ಪತ್ತಮೂರನ್ನೂ. ಒಂದೇ ಪೆನ್ನು, ಒಂದೇ ಕೈ. ಅಕ್ಷರ ಬದಲಾಯಿಸುವ ಪ್ರಯತ್ನವನ್ನೂ ಮಾಡಿರಲಿಲ್ಲ. ಎಂಟು ತಿಂಗಳು ಇದನ್ನು ನಿನ್ನಿಂದ ಮುಚ್ಚಿಟ್ಟೆ.

ಮುಚ್ಚಿಡಲು ಕಾರಣ ಅಮ್ಮ. ಏಪ್ರಿಲ್‌ನಲ್ಲಿ ನೀನು ಫೋನ್ ಮಾಡಿ, "ಇಪ್ಪತ್ತಮೂರು ಜನ ಹೆಂಗಸರು ತಾವೇ ಪೆನ್ನು ಹಿಡಿದಿದಾರೆ ಕಣೇ! ನಾವು ನಡೆಸಿದ ಓದುಬರಹದ ತರಗತಿ ಸಾರ್ಥಕ ಆಯ್ತು!" ಎಂದು ಕೂಗಿದೆಯಲ್ಲ, ಆಗ ನಾನು ಬಾಯಿ ತೆರೆದಿದ್ದೆ. ಅಮ್ಮ ತೊಡೆ ಚಿವುಟಿದಳು. "ಖುಷಿಯಾಗಿದಾಳೆ, ಇರ್ಲಿ ಬಿಡು," ಎಂದು ಪಿಸುಗುಟ್ಟಿದಳು. ಬಿಟ್ಟೆ. ಆ ತರಗತಿ ನಡೆದದ್ದು ನಾಲ್ಕು ದಿನ. ಹೆಂಗಸರು ಕಲಿತದ್ದು ಮೂರು ಅಕ್ಷರ. ನಾಲ್ಕನೆಯದಕ್ಕೆ ಹೋಗುವಷ್ಟರಲ್ಲಿ ಬಂದರಿಗೆ ಮೀನು ಬಂತು, ಪಾಠ ಹೇಳಲು ಬಂದಿದ್ದ ಮೇಡಂ ತಮ್ಮ ಕರಿಹಲಗೆ ಎತ್ತಿಕೊಂಡು ಕಾಸಾಬ್ಲಾಂಕಾಕ್ಕೆ ಹೋದರು. ನಿಮ್ಮ ವಾರ್ಷಿಕ ಪುಸ್ತಕದ ಹನ್ನೊಂದನೇ ಪುಟದಲ್ಲಿ ಆ ಕರಿಹಲಗೆಯ ಫೋಟೊ ಇದೆ, ಪಕ್ಕದಲ್ಲಿ ನೀನು ನಗುತ್ತಿದ್ದೀಯ. ನೀನು ಚೆನ್ನಾಗಿದ್ದೀಯ ಎಂದು ಅದರಿಂದಲೇ ತಿಳಿಯಿತು.

ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆ ಕೇಳುತ್ತೇನೆ. ಬರೆಯದೆಯೂ ಇರಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಒಂದು ವಾಕ್ಯವನ್ನೂ ಮುಗಿಸಲು ಬಿಡುವುದಿಲ್ಲ. ಕಾಗದದ ನಡುವೆ ಬಾಯಿ ಹಾಕಲು ಆಗುವುದಿಲ್ಲ. ಹರಿದು ಎಸೆಯಬಹುದು, ಅಷ್ಟೇ. ಹರಿಯುವ ಮುಂಚೆ ಲಕೋಟೆಯಲ್ಲಿ ಇನ್ನೂ ನಲವತ್ತು ಹಾಳೆಗಳಿವೆ, ನೋಡಿಕೋ. ಅವುಗಳ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಅಮ್ಮ ಚೆನ್ನಾಗಿದ್ದಾಳೆ. ಮಂಡಿನೋವು ಮೊದಲಿನಷ್ಟೇ. ಮಹಡಿಯ ಮೇಲಿನ ನೀರಿನ ತೊಟ್ಟಿಗೆ ಮುಚ್ಚಳ ಹಾಕಿಸಿದ್ದೇವೆ. ಎದುರುಮನೆಯವರ ಕುರಿಮರಿ ನಮ್ಮ ಪುದೀನ ಕುಂಡಗಳನ್ನೆಲ್ಲ ತಿಂದು ಹಾಕಿತು. ಅಮ್ಮ ನನ್ನ ಮೇಲೆ ಮುನಿಸಿಕೊಂಡು ಎರಡು ದಿನ ಮಾತಾಡಿರಲಿಲ್ಲ, ಈಗ ಆಡುತ್ತಿದ್ದಾಳೆ. ಇಷ್ಟು ಕ್ಷೇಮಸಮಾಚಾರ.

ಇನ್ನು ಪೆಟ್ಟಿಗೆಯ ಕಥೆ ಕೇಳು. ನೀನು ಕಳಿಸಿದ ಪೆಟ್ಟಿಗೆ, ಆದರೆ ಅದರ ಕಥೆ ನಿನಗೆ ಗೊತ್ತಿಲ್ಲ.

ಪೆಟ್ಟಿಗೆಯ ಜೊತೆ ಒಂದು ಫಲಕವೂ ಬಂದಿತ್ತಲ್ಲ, ಕೈ ತೊಳೆಯುವ ನಲ್ಲಿಗಳ ಮೇಲೆ ಹಾಕಿದ್ದು? ಒಂದು ಕಡೆ ಫ್ರೆಂಚು, ಇನ್ನೊಂದು ಕಡೆ ಪುಸ್ತಕದ ಅರಬ್ಬಿ. ನಮ್ಮ ಮೀನಿನ ಮೇಜಿನ ಹೆಂಗಸರು ಸುತ್ತ ನಿಂತು, "ಓದೇ ಸಿಹಾಮ್, ಯಾರಾದ್ರೂ ಸತ್ತಿದಾರಾ ನೋಡು," ಎಂದರು. ಓದಿದೆ. ಪ್ರತಿಯೊಬ್ಬ ಕಾರ್ಮಿಕರನ್ನೂ ಗೌರವದಿಂದ ಕಾಣಲಾಗುವುದು. ಅಗತ್ಯವಿದ್ದಾಗ ಶೌಚಕ್ಕೆ ಹೋಗುವುದು ಪ್ರತಿಯೊಬ್ಬರ ಹಕ್ಕು. ದೂರು ಕೊಟ್ಟವರ ಮೇಲೆ ಯಾವ ರೀತಿಯ ಪ್ರತೀಕಾರವನ್ನೂ ಕಂಪನಿ ಸಹಿಸುವುದಿಲ್ಲ. ದಾವಿಯಾ ಗೊತ್ತಲ್ಲ, ನಮ್ಮ ಎದುರು ಸಾಲಿನಲ್ಲಿ ನಿಂತು ಮೀನು ಕತ್ತರಿಸುವ ದಪ್ಪ ದನಿಯವಳು? ಅವಳು ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ, "ಇದು ಯಾವ ಕಾರ್ಖಾನೆ ಕಣೇ? ವಿಳಾಸ ಇದ್ರೆ ಓದು, ನಾಳೆಯಿಂದ ಎಲ್ಲಾರೂ ಅಲ್ಲಿಗೇ ಹೋಗೋಣ," ಎಂದಳು.

ಯಾಕೆಂದರೆ ನಮ್ಮ ಕಾರ್ಖಾನೆಯಲ್ಲಿ ಇದ್ದದ್ದು ಬಿಲ್ಲೆ. ಮೇಜಿಗೊಂದು. ಅಂಗೈ ಅಗಲದ ಮರದ ಬಿಲ್ಲೆ, ದಾರ ಕಟ್ಟಿ ಮೊಳೆಗೆ ನೇತುಹಾಕಿದ್ದು. ನಲವತ್ತು ಹೆಂಗಸರಲ್ಲಿ ಯಾರಿಗೆ ಶೌಚಕ್ಕೆ ಹೋಗಬೇಕೋ ಅವಳು ಬಿಲ್ಲೆ ತೆಗೆದುಕೊಂಡು ಹೋಗಬೇಕು. ಬಿಲ್ಲೆ ಮೊಳೆಗೆ ವಾಪಸು ಬರುವವರೆಗೆ ಉಳಿದ ಮೂವತ್ತೊಂಬತ್ತು ಜನ ನಿಂತಲ್ಲೇ ನಿಲ್ಲಬೇಕು. ಹತ್ತು ಗಂಟೆ, ಹನ್ನೆರಡು ಗಂಟೆ, ತಣ್ಣೀರಿನಲ್ಲಿ ಕಾಲಿಟ್ಟುಕೊಂಡು. ಬೂತಾಯಿ ಮೀನು ಕಾಯುವುದಿಲ್ಲ, ಕಾಯಬೇಕಾದವರು ನಾವು. ಇದೆಲ್ಲ ನಿನಗೆ ಗೊತ್ತಿರಬೇಕಿತ್ತು. ಅಮ್ಮ ಆ ಮೇಜಿನಲ್ಲಿ ನಿಲ್ಲಲು ಶುರು ಮಾಡಿದ್ದು ನೀನು ಆರನೇ ತರಗತಿಯಲ್ಲಿದ್ದಾಗ.

ದೂರು ಬರೆಯಬೇಕು ಎಂದಾಯಿತು. ಬರೆಯಲು ಬರುವುದು ಯಾರಿಗೆ? ಒಂಬತ್ತನೇ ತರಗತಿಗೆ ಶಾಲೆ ಬಿಟ್ಟ ನನಗೆ. ಮಾಡದ ತಪ್ಪಿಗೆ ಕ್ಷಮೆ ಕೇಳು ಎಂದು ಹೆಡ್ಮಾಸ್ತರರು ಹೇಳಿದ್ದರು, ಕೇಳಲಿಲ್ಲ, ಮರುದಿನ ಹೋಗಲಿಲ್ಲ. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಆದರೂ ಆ ಹಾಲ್‌ನಲ್ಲಿ ನಾನೇ ದೊಡ್ಡ ಪಂಡಿತೆ. ಶುಕ್ರವಾರ ಕುಸ್‌ಕುಸ್ ಊಟ ಮುಗಿಸಿ ಒಬ್ಬೊಬ್ಬರಾಗಿ ನಮ್ಮ ಮಹಡಿ ಹತ್ತಿ ಬಂದರು. ನಾನು ಶಾಲೆಯ ನೋಟುಪುಸ್ತಕದ ಹಾಳೆ ಹರಿದು ಕೂತೆ.

"ಹೆಸರು ಬರೀಬಾರ್ದು," ಎಂದೆ.

"ಹೆಸರಿಲ್ದೆ ಮಾತಾಡೋಕೆ ನಾವೇನು ಗೋಡೆ ಹಾರಿ ಬಂದೋರಾ?" ಎಂದಳು ದಾವಿಯಾ. "ಬರಿ. ಕದ್ದೂರ್‌ನ ಮಗಳು ದಾವಿಯಾ."

"ಬರೆದ್ರೆ ನಾಳೆ ಮೀನು ಬಂದಾಗ ನಿನ್ನ ಕೆಲಸಕ್ಕೆ ಕರೆಯಲ್ಲ."

"ಸರಿ, ಹೆಸರು ಬೇಡ. ಆದ್ರೆ ಆಣೆ ಇರ್ಬೇಕು. ಆಣೆ ಇಲ್ದಿರೋ ಮಾತನ್ನ ಕಾಸಾ ಆಫೀಸಿನೋರು ಯಾಕೆ ನಂಬ್ತಾರೆ?"

ಎಲ್ಲರೂ ಅದಕ್ಕೆ ಒಪ್ಪಿದರು. ಹೆಸರು ಬೇಡ, ಆಣೆ ಇರಲಿ. ನಾನೂ ಒಪ್ಪಿದೆ. ನಾವು ಹಾಗೆಯೇ ಅಲ್ಲವೇ ಮಾತಾಡುವುದು? ಬಂದರಿನವರು ಬಂದರಿನ ಸಂತನ ಮೇಲೆ, ಬಯಲಿನವರು ತಮ್ಮ ಊರಿನ ಗೋರಿಯ ಮೇಲೆ. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದೆ. ಉಪ್ಪು ಖಾರ ಸೇರಿಸಲಿಲ್ಲ, ತೆಗೆಯಲೂ ಇಲ್ಲ. ಕೆಲಸದ ಮೇಲ್ವಿಚಾರಕಿ ಹ್ನಿಯಾಳನ್ನು ದಾವಿಯಾ ಕತ್ತೆ ಎಂದಳು, ಕತ್ತೆ ಎಂದೇ ಬರೆದೆ.

ಎಲ್ಲರೂ ಇಳಿದುಹೋದ ಮೇಲೆ ಅಮ್ಮ ಬಂದು ನನ್ನ ಎದುರು ಕೂತಳು. ನನ್ನ ಮುಖ ನೋಡಲಿಲ್ಲ, ಒಣಗಲು ಹಾಕಿದ್ದ ಬಟ್ಟೆಗಳನ್ನು ನೋಡುತ್ತ ಹೇಳಿದಳು. ಅವಳ ಹಾಳೆ ನನಗೆ ಬಾಯಿಪಾಠ:

"ಸೀದಿ ಬೂಜಿತೂನ್ ಆಣೆ, ನಾನು ಐವತ್ತು ದಾಟಿದ ಹೆಂಗಸು. ಮೊನ್ನೆ ಮೇಜಿನ ಮುಂದೆ ನಿಂತಲ್ಲೇ ಒದ್ದೆಯಾದೆ. ಮೀನಿನ ನೀರು ಎಂದೆ. ಪಕ್ಕದವಳು ನಂಬಿದ ಹಾಗೆ ಮಾಡಿದಳು. ನನ್ನ ಮಗು ಹಾಗೆ ಮಾಡಿದರೆ ನಾನು ಬಯ್ಯುತ್ತಿದ್ದೆ. ನನ್ನನ್ನು ಯಾರೂ ಬಯ್ಯಲಿಲ್ಲ, ಅದೇ ಹೆಚ್ಚು. ಇನ್ನೊಂದು ಬಿಲ್ಲೆ ಕೊಡಿ."

ಕೊನೆಗೆ ಇನ್ನೊಂದು ಸಾಲಿತ್ತು, ಆಮೇಲೆ ಹೇಳುತ್ತೇನೆ.

ಅಕ್ಕ, ಸೀದಿ ಬೂಜಿತೂನ್ ಯಾರ ಸಂತ? ಬೆಟ್ಟದ ಮೇಲೆ ಮುದಿ ಆಲಿವ್ ಮರ, ಅದರ ಕೆಳಗೆ ಸುಣ್ಣ ಹಚ್ಚಿದ ಗೋರಿ, ಅಮ್ಮನ ತವರೂರು. ಚಿಕ್ಕಂದಿನಲ್ಲಿ ನಿನಗೆ ಜ್ವರ ಬಂದಾಗ ಅಲ್ಲಿಗೇ ಹೊತ್ತುಕೊಂಡು ಹೋಗಿದ್ದಳು. ನೀನು ಹಾಲು ಕುಡಿಯದಿದ್ದರೆ ಆ ಆಣೆ, ಪರೀಕ್ಷೆಯಲ್ಲಿ ಪಾಸಾದರೆ ಆ ಆಣೆ. ಇಡೀ ಕಾರ್ಖಾನೆಯಲ್ಲಿ ಆ ಊರಿನಿಂದ ಬಂದವಳು ಅಮ್ಮ ಒಬ್ಬಳೇ. ಆ ಹಾಳೆ ನಿನ್ನ ಕೈಗೆ ಬಂತು. ನೀನು ಒಂದು ಸಾಲು, ಮೊದಲನೆಯ ಒಂದೇ ಸಾಲು ಓದಿದ್ದರೆ ಅಮ್ಮನ ದನಿ ಕೇಳಿಸುತ್ತಿತ್ತು. ನನ್ನ ಅಕ್ಷರ ಗುರುತು ಸಿಗುತ್ತಿತ್ತು, ಅದನ್ನು ತಿದ್ದಿಸಿದವಳು ನೀನೇ.

ನೀನು ಓದಲಿಲ್ಲ. ಎಣಿಸಿದೆ. ಶೌಚ ಹದಿನಾಲ್ಕು, ಕೈಗವಸು ಆರು, ಇತರೆ ಮೂರು. ನಿಮ್ಮ ಪುಸ್ತಕದಲ್ಲಿ ಬಣ್ಣದ ಕಂಬಗಳಾಗಿ ನಿಂತಿವೆ. ಅಮ್ಮ ಆ ಹಸಿರು ಕಂಬದಲ್ಲಿ ಎಲ್ಲೋ ಇದ್ದಾಳೆ. ಎಣಿಸಿದ ಮೇಲೆ ನಿಯಮದ ಪ್ರಕಾರ ಎಲ್ಲ ಹಾಳೆಗಳ ಫೋಟೊ ತೆಗೆದು ಉತ್ತರ ಕೊಡಿ ಎಂದು ಇಲ್ಲಿನ ಮ್ಯಾನೇಜರಿಗೆ ಕಳಿಸಿದೆ.

ನಿನ್ನ ಇಡೀ ಕಂಪನಿಯಲ್ಲಿ ನಮ್ಮ ದೂರುಗಳನ್ನು ಮೊದಲಿನಿಂದ ಕೊನೆಯವರೆಗೆ ಗಮನವಿಟ್ಟು ಓದಿದವಳು ಒಬ್ಬಳೇ, ಹ್ನಿಯಾ. ಅಷ್ಟು ಮರ್ಯಾದೆ ಅವಳಿಗೆ ಕೊಡಲೇಬೇಕು.

ಜೂನ್ ಮೊದಲ ವಾರ, ಹತ್ತು ಗಂಟೆಯ ಚಹಾದ ಹೊತ್ತು. ಹ್ನಿಯಾ ಕಾಗದದ ಕಟ್ಟು ಹಿಡಿದುಕೊಂಡು ಬಂದು ತೊಟ್ಟಿಯ ಮೇಲೆ ಕೂತಳು.

"ಕೇಳ್ರೇ ಇಲ್ಲಿ, ಕಾಸಾದಿಂದ ನಿಮ್ಮ ಪ್ರೇಮಪತ್ರಗಳು ವಾಪಸ್ ಬಂದಿವೆ. ಮ್ಯಾನೇಜರ್ ಸಾಹೇಬ್ರಿಗೆ ನಿಮ್ಮ ಕೊಂಕು ಮಾತು ಓದೋಕೆ ತಲೆನೋವಂತೆ. ನೀನೇ ಉತ್ತರ ಕೊಡು ಅಂದ್ರು." ಒಂದೊಂದಾಗಿ ಓದಿದಳು. ಕತ್ತೆ ಎಂದಿದ್ದ ಹಾಳೆ ಬಂದಾಗ ಅವಳೇ ನಕ್ಕಳು. "ಬಂದರಿನ ಸಂತನ ಆಣೆ! ನಿಮ್ಮಲ್ಲಿ ಹದಿನೈದು ಜನ ಬಂದರಿನೋರು, ಯಾರನ್ನ ಹಿಡೀಲಿ? ಬದುಕಿಕೊಂಡೆ ಹೋಗು." ಅಕ್ಷರ ನನ್ನದೆಂದು ಅವಳಿಗೆ ಮೊದಲ ಹಾಳೆಯಲ್ಲೇ ತಿಳಿದಿತ್ತು. ನನ್ನ ಕಡೆ ಕೈ ತೋರಿಸಿ, "ಬರೆದೋಳ ಮೇಲೆ ನಂಗೆ ಸಿಟ್ಟಿಲ್ಲ, ನನ್ನ ಮಗನ ವೀಸಾ ಅರ್ಜೀನೂ ಇದೇ ಕೈ ಬರ್ದಿದ್ದು," ಎಂದಳು.

ಆಮೇಲೆ ಅಮ್ಮನ ಹಾಳೆ ತೆಗೆದಳು.

"ಸೀದಿ ಬೂಜಿತೂನ್! ಅಯ್ಯೋ, ಆ ಆಲಿವ್ ಮರದ ಕೆಳಗಿನ ಮುದುಕ ಇಲ್ಲಿವರೆಗೂ ಬಂದ್ನಾ? ಅವನ ಮೇಲೆ ಆಣೆ ಇಡೋರು ಈ ಹಾಲ್‌ನಲ್ಲಿ ಎಷ್ಟು ಜನ ಇದೀರಪ್ಪಾ, ಕೈ ಎತ್ತಿ."

ಯಾರೂ ಅಮ್ಮನ ಕಡೆ ನೋಡಲಿಲ್ಲ. ಮೂವತ್ತೊಂಬತ್ತು ಹೆಂಗಸರು ಸೇರಿ ಒಬ್ಬಳನ್ನು ನೋಡದೆ ಇರುವುದು ಹೇಗಿರುತ್ತದೆ ಗೊತ್ತಾ? ಬೊಟ್ಟು ಮಾಡಿ ತೋರಿಸಿದ್ದರೂ ಅಷ್ಟು ಕಾಣಿಸುತ್ತಿರಲಿಲ್ಲ. ಹ್ನಿಯಾ ಉಳಿದ ಸಾಲುಗಳನ್ನೂ ಓದಿದಳು. ಒದ್ದೆಯಾದದ್ದು. ಮೀನಿನ ನೀರು. ಎದುರು ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಯಾರೋ ಅಲ್ಲ, ದಾವಿಯಾ. ಅಮ್ಮ ಚಹಾ ಬಿಟ್ಟು ಕತ್ತರಿ ತೆಗೆದುಕೊಂಡು ಒಬ್ಬಳೇ ಕೆಲಸ ಶುರು ಮಾಡಿದಳು. ಒಂದು ಮೀನಿನ ತಲೆ ಕತ್ತರಿಸಿದಳು, ಅದೇ ಮೀನಿನ ತಲೆ ಇದ್ದ ಜಾಗವನ್ನು ಮತ್ತೆ ಕತ್ತರಿಸಿದಳು, ಮತ್ತೆ ಕತ್ತರಿಸಿದಳು.

ಮುಂದಿನ ದೋಣಿಗಳು ಬಂದಾಗ ಕೆಲಸಕ್ಕೆ ಕರೆಯಲು ನನ್ನ ಫೋನ್ ಹೊಡೆದುಕೊಂಡಿತು. ಅಮ್ಮನದು ಹೊಡೆದುಕೊಳ್ಳಲಿಲ್ಲ. ಒಂದೇ ಕೋಣೆ, ಒಂದೇ ಕಿಟಕಿ, ಪಕ್ಕಪಕ್ಕದ ಹಾಸಿಗೆ. "ನೆಟ್‌ವರ್ಕ್ ಇಲ್ಲಾಂತ ಕಾಣುತ್ತೆ," ಎಂದು ಅಮ್ಮ ಬೂಟು ಹಾಕಿಕೊಂಡು ನನ್ನ ಜೊತೆ ಬಂದಳು. ಗೇಟಿನವನು ಪಟ್ಟಿ ನೋಡಿ, "ನಿಮ್ಮ ಹೆಸರಿಲ್ಲ ಖಾಲ್ತಿ," ಎಂದ. ದೊಡ್ಡವರನ್ನು ಕರೆಯುವ ಹಾಗೆಯೇ ಕರೆದ, ಮರ್ಯಾದೆಗೇನೂ ಕಡಿಮೆ ಇಲ್ಲ.

"ತೆಗೆದುಹಾಕಿದಾರಾ?"

"ಛೆ, ಛೆ, ಯಾರು ಹಂಗಂದೋರು? ಇವತ್ತು ಮೀನು ಕಮ್ಮಿ ಅಷ್ಟೇ."

ಅವನ ಬೆನ್ನ ಹಿಂದೆ ಮೀನು ತುಂಬಿದ ಏಳು ಲಾರಿ ಸಾಲಾಗಿ ನಿಂತಿದ್ದವು.

ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್. ಅಮ್ಮನ ಪಾಲಿಗೆ ಸಮುದ್ರದಲ್ಲಿ ಮೀನೇ ಕಮ್ಮಿ. ಬೆಳಿಗ್ಗೆ ಎದ್ದು ಹೊಸ್ತಿಲಿಗೆ ಕತ್ತರಿ ಉಜ್ಜಿ ಹರಿತ ಮಾಡುತ್ತಿದ್ದಳು, ಬಟ್ಟೆಯಲ್ಲಿ ಸುತ್ತಿ ಬೂಟಿನ ಒಳಗೆ ಇಡುತ್ತಿದ್ದಳು, ಫೋನು ಎದುರಿಗಿಟ್ಟುಕೊಂಡು ಕೂರುತ್ತಿದ್ದಳು. ತರಕಾರಿ ತರಲು ಹೋದರೆ ಸಾಫಿಯ ಯಾವ ಹೆಂಗಸು ತನ್ನನ್ನು ಹೇಗೆ ನೋಡುತ್ತಾಳೋ ಎಂದು ಹೋಗುವುದನ್ನೇ ಬಿಟ್ಟಳು.

ನಾನು ನಿನಗೆ ಫೋನ್ ಮಾಡಿದೆ. ನೆನಪಿದೆಯಾ, ಇಲ್ಲ ಅದನ್ನೂ ಯಾವುದಾದರೂ ಕಂಬದಲ್ಲಿ ಹಾಕಿದ್ದೀಯಾ?

"ಕೆಲಸದಿಂದ ತೆಗೆದ ಪತ್ರ ಇದೆಯಾ ಸಿಹಾಮ್?"

"ಇಲ್ಲ. ಕರೀತಿಲ್ಲ."

"ಕರೀದೇ ಇರೋದು ಪ್ರತೀಕಾರ ಅಂತ ಆಗಲ್ಲ ಕಣೇ. ಅವರು ಕಾಯಂ ಕೆಲಸದೋರಲ್ಲ. ಬರಹದಲ್ಲಿ ಏನಾದ್ರೂ ಬೇಕು."

"ಅವರು ಅಂದ್ರೆ ಯಾರು? ನಮ್ಮಮ್ಮ."

"ಮೆತ್ತಗೆ ಮಾತಾಡು. ಆಫೀಸಲ್ಲಿದೀನಿ."

ಹೌದು, ಆಫೀಸಿನಲ್ಲಿ ಗೊತ್ತಾಗಬಾರದು. ದೂರು ವಿಭಾಗದವರ ಮನೆಯವರು ಕಂಪನಿಯ ಕಾರ್ಖಾನೆಯಲ್ಲಿ ಇರಬಾರದೆಂದು ನಿಯಮ, ಯಾರಿಗೂ ಹೇಳಬೇಡಿ ಎಂದು ನೀನು ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದೆ. ನಾವು ಹೇಳಿಲ್ಲ. ನೀನು ಕೊನೆಗೆ, "ಈ ವಯಸ್ಸಲ್ಲಿ ಅಮ್ಮ ಮನೇಲಿ ಆರಾಮಾಗಿ ಇರ್ಲಿ ಬಿಡು, ಒಳ್ಳೇದೇ ಆಯ್ತು," ಎಂದೆ. ಅಮ್ಮನಿಗೆ ಹೇಳಿದೆ. "ಆರಾಮಾಗಿ ಇರೋಕೆ ನಂಗೇನು ಕಾಯಿಲೆಯಾ? ನಾನು ಆ ಮೇಜಿಗೆ ತಲೆ ಎತ್ತಿಕೊಂಡು ವಾಪಸ್ ಹೋಗ್ಬೇಕು, ಒಂದು ದಿನಕ್ಕಾದ್ರೂ," ಎಂದಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಆ ಅಷ್ಟು ಯಾವ ಪುಟದಲ್ಲಿ ಬರುತ್ತದೆ ನಿಮ್ಮ ಪುಸ್ತಕದಲ್ಲಿ?

ಜುಲೈ ಕೊನೆಯಲ್ಲಿ ನೀನೇ ಬಂದೆ, ಮೀನು ಕೊಳ್ಳುವ ಸ್ಪೇನ್ ದೇಶದವರ ಜೊತೆ. ಬಿಳಿ ಕೋಟು, ತಲೆಗೆ ಬಲೆಟೋಪಿ, ಕಾಲಿಗೆ ಪ್ಲಾಸ್ಟಿಕ್ ಚೀಲ. ಅಷ್ಟರಲ್ಲಿ ದೂರಿಗೆ ಪರಿಹಾರ ಸಿಕ್ಕಿತ್ತು. ಒಂದರ ಜಾಗದಲ್ಲಿ ಎರಡು ಬಿಲ್ಲೆ. ಮರದ್ದಲ್ಲ, ನೀಲಿ ಪ್ಲಾಸ್ಟಿಕ್ಕಿನವು, ಮೇಲೆ "ಘನತೆ" ಎಂದು ಅಚ್ಚು ಹಾಕಿಸಿದ್ದು. ನೀನು ಒಂದನ್ನು ಮೊಳೆಯಿಂದ ತೆಗೆದು ಅವರಿಗೆ ತೋರಿಸಿದೆ. ಅವರು ಅದರ ಫೋಟೊ ತೆಗೆದುಕೊಂಡರು. ನಮ್ಮ ಮೇಜಿಗೆಲ್ಲ ಸೇರಿಸಿ ಒಂದು ಸಲಾಂ ಹೇಳಿದೆ. ಅಮ್ಮ ನಿಲ್ಲುತ್ತಿದ್ದ ಜಾಗದಲ್ಲಿ ಬೇರೆ ಹುಡುಗಿ ನಿಂತಿದ್ದಳು. ನಿನ್ನ ಕಣ್ಣು ಅವಳ ಮೇಲೆ ಒಂದು ಕ್ಷಣ ನಿಂತು ಮುಂದೆ ಹೋಯಿತು. ಮುಂದೆ ಹೋದದ್ದನ್ನು ನಾನು ನೋಡಿದೆ.

ಅವತ್ತು ಅಮ್ಮ ಎಲ್ಲಿದ್ದಳು ಗೊತ್ತಾ? ಸಮಯ ಸಿಕ್ಕರೆ ಮನೆಗೆ ಬರುತ್ತೇನೆ ಎಂದಿದ್ದೆಯಲ್ಲ? ನಿನಗೆ ಮೀನಿನ ವಾಸನೆ ಆಗುವುದಿಲ್ಲವೆಂದು ನಿಂಬೆಹೋಳಿನಿಂದ ಕೈ ಉಜ್ಜಿಕೊಂಡು, ಒಳ್ಳೆ ಬಟ್ಟೆ ಹಾಕಿಕೊಂಡು, ಹಾಸಿಗೆಯ ಮೇಲಿನ ಹೊದಿಕೆ ಮೂರು ಸಲ ಸರಿಮಾಡಿ ಕಾದಳು. ಎರಡು ತಿಂಗಳಿಂದ ಮೀನು ಮುಟ್ಟದ ಕೈ ಅಕ್ಕ. ಅದರಲ್ಲಿ ವಾಸನೆ ಇರಲೇ ಇಲ್ಲ. ನಾನು ಬಂದು ನಿನ್ನ ಸಲಾಮಿನ ಸುದ್ದಿ ಹೇಳಿದಾಗ ಅವಳು ಏನೆಂದಳು ಕೇಳು: "ಎಲ್ಲಾರಿಗೂ ಒಂದೇ ಸಲಾಂ ಹೇಳಿದ್ಲಾ? ನೋಡು, ನನ್ನ ಮಗಳಲ್ಲಿ ಭೇದಭಾವ ಇಲ್ಲ." ಅಮ್ಮ ವ್ಯಂಗ್ಯ ಮಾಡುವವಳಲ್ಲ. ಅದನ್ನೇ ನನಗೆ ಸಹಿಸಲು ಆಗಲಿಲ್ಲ.

ಅಕ್ಟೋಬರಿನಲ್ಲಿ ನಾನು ಹ್ನಿಯಾಳ ಮನೆಗೆ ಹೋದೆ. ಅವಳು ಅಂಗಳದಲ್ಲಿ ಅವರೆಕಾಳು ಬಿಡಿಸುತ್ತ ಕೂತಿದ್ದಳು. ನಾನೂ ಕೂತು ಬಿಡಿಸಿದೆ. ಅವಳಿಗೆ ಒಂದು ವಿಷಯ ಹೇಳಿದೆ. ಏನೆಂದು ಇಲ್ಲಿ ಬರೆಯಲು ಕೈ ಏಳುತ್ತಿಲ್ಲ. ಕೇಳಿ ಅವಳು ಕೈಯಲ್ಲಿದ್ದ ಅವರೆಕಾಯಿ ಬಿಡಿಸಿ ಮುಗಿಸಿದಳು.

"ಇದನ್ನ ಹೇಳೋಕೆ ಇಷ್ಟು ದೂರ ಬಂದ್ಯಾ?"

"ಅಮ್ಮನ್ನ ಕರೀರಿ. ಅವಳ ಬದಲು ನನ್ನ ಕೈಬಿಡಿ."

"ನಿನ್ನ ಕೈ ಚುರುಕು ಕಣೇ. ನಿನ್ನ ಬಿಟ್ರೆ ನಂಗೇ ನಷ್ಟ."

"ಅಮ್ಮನ್ನ ಬಿಟ್ಟಿದ್ದಕ್ಕೆ ನಿಮಗೆ ಏನು ಲಾಭ ಆಯ್ತು?"

ಅವಳು ಕಾಳಿನ ತಟ್ಟೆ ಅಲುಗಾಡಿಸಿದಳು. "ಮ್ಯಾನೇಜರ್ ಸಾಹೇಬ್ರು ನನಗೆ ಆ ಹಾಳೆ ಕೊಟ್ಟು, ಇಂಥವರು ಮತ್ತೆ ಬರೀದ ಹಾಗೆ ನೋಡ್ಕೋ ಅಂದ್ರು. ಬರಹದಲ್ಲಿ ಅನ್ನಲಿಲ್ಲ, ಬಾಯಲ್ಲಿ ಅಂದ್ರು. ನಾನು ನಿಮ್ಮಮ್ಮನ್ನ ಕರೆದ್ರೆ ನನ್ನನ್ನೂ ಕರೆಯಲ್ಲ. ಅರ್ಥ ಆಯ್ತಾ ಪಂಡಿತೆ? ನಿಮ್ಮ ಮನೆಯಿಂದ ಒಬ್ಬಳನ್ನ ಕೈಬಿಟ್ಟಿರ್ಬೇಕು. ಯಾರು ಅನ್ನೋದು ಅವರಿಗೆ ಬೇಕಾಗಿಲ್ಲ. ಸರಿ, ಹೋಗು." ಬಾಗಿಲ ತನಕ ಬಂದು, "ಯಾವಾಗ್ಲಾದ್ರೂ ಆ ಕಾಸಾದ ಮೇಡಂ ಸಿಕ್ಕಿದ್ರೆ ಹೇಳು, ಓದದೆ ಇರೋ ಕಾಗದಾನ ನಮ್ಮಂಥೋರ ಕೈಗೆ ಕೊಡಬಾರ್ದು," ಎಂದಳು. ನೀನು ನನ್ನ ಅಕ್ಕನೆಂದು ಅವಳಿಗೆ ತಿಳಿಯದು. ಸಂದೇಶ ತಲುಪಿಸಿದ್ದೇನೆ.

ಮರುದಿನ ಅಮ್ಮನ ಫೋನ್ ಹೊಡೆದುಕೊಂಡಿತು. ನನ್ನದು ಹೊಡೆದುಕೊಳ್ಳಲಿಲ್ಲ. ಅಮ್ಮನಿಗೆ ಸಂಜೆಯ ಹೊತ್ತಿಗೆ ವಿಷಯ ಗೊತ್ತಾಗಿ, "ಯಾರು ಕೇಳಿದ್ರು ನಿನ್ನ?" ಎಂದಳು. ಎರಡು ದಿನ ಮಾತು ಬಿಟ್ಟದ್ದು ಅದಕ್ಕೇ.

ಅಮ್ಮ ವಾಪಸು ಹೋದ ದಿನ ಮೇಜಿನಲ್ಲಿ ಏನಾಯಿತೆಂದು ದಾವಿಯಾ ಬಂದು ಹೇಳಿದಳು. ಚೆನ್ನಾಗಿ ಶುರುವಾಗಲಿಲ್ಲ. ಅಮ್ಮ ಹೋಗಿ ನಿಂತಾಗ ಪಕ್ಕದ ಇಬ್ಬರು ಒಂದು ಮೊಳ ದೂರ ಸರಿದರು. ದಾವಿಯಾ ತನ್ನ ಕತ್ತರಿ ಎತ್ತಿ, ಇಡೀ ಹಾಲ್‌ಗೆ ಕೇಳುವ ಹಾಗೆ, "ಸೀದಿ ಬೂಜಿತೂನ್ ಆಣೆ, ನನ್ನ ಕತ್ತರಿ ಮೊಂಡಾಗಿದೆ!" ಎಂದಳಂತೆ. "ಕುಹಕಕ್ಕೇ ಅಂದೆ ಕಣೇ, ಸುಳ್ಳು ಯಾಕೆ ಹೇಳ್ಲಿ," ಎಂದು ನನಗೆ ಹೇಳಿದಳು. ಎಲ್ಲರೂ ನಕ್ಕರು. ಅಮ್ಮ ತಲೆ ಎತ್ತದೆ, "ಅವನ ಮೇಲೆ ಸುಳ್ಳು ಆಣೆ ಇಟ್ರೆ ಕೈ ಊದುತ್ತೆ ದಾವಿಯಾ. ಎಲ್ಲಿ, ಕೊಡು ನೋಡೋಣ," ಎಂದು ಅವಳ ಕತ್ತರಿ ತೆಗೆದುಕೊಂಡು ಒಂದು ಮೀನು ಕತ್ತರಿಸಿ ನೋಡಿ, "ನಿಜ, ಮೊಂಡಾಗಿದೆ," ಎಂದು ತನ್ನದನ್ನು ಅವಳಿಗೆ ಕೊಟ್ಟಳು. ನಾಲ್ಕು ತಿಂಗಳು ಹೊಸ್ತಿಲಿಗೆ ಉಜ್ಜಿದ ಕತ್ತರಿ. ದಾವಿಯಾ ಚಹಾದ ಹೊತ್ತಿನವರೆಗೆ ಆ ಕತ್ತರಿಯಲ್ಲೇ ಮೀನು ಕತ್ತರಿಸಿದಳಂತೆ.

ಮಧ್ಯಾಹ್ನ ಅವಳು ಮತ್ತೆ ಆಣೆ ಇಟ್ಟಳು. ಈ ಸಲ ಕುಹಕಕ್ಕೋ ಬೇರೆಯದಕ್ಕೋ ಅವಳಿಗೇ ಗೊತ್ತಿಲ್ಲ. "ಸೀದಿ ಬೂಜಿತೂನ್ ಆಣೆ, ಮಂಜುಗಡ್ಡೆ ಸಾಲ್ದು!" ಇನ್ನೊಬ್ಬಳು, "ಸೀದಿ ಬೂಜಿತೂನ್ ಆಣೆ, ಸಾಲ್ದೇ ಸಾಲ್ದು!" ಮರುದಿನ ಇಡೀ ಮೇಜು. ಬಂದರಿನವರು, ಬಯಲಿನವರು, ಎಲ್ಲರೂ ತಮ್ಮ ಸಂತರನ್ನು ಮನೆಯಲ್ಲಿ ಬಿಟ್ಟು ಬಂದರು. ಮೂರನೇ ದಿನ ಹ್ನಿಯಾ ಸಿಟ್ಟಿನಿಂದ, "ಸೀದಿ ಬೂಜಿತೂನ್ ಆಣೆ, ಇನ್ನೊಂದು ಸಲ ಯಾರಾದ್ರೂ..." ಎಂದು ಶುರು ಮಾಡಿ ಅರ್ಧಕ್ಕೇ ಬಾಯಿ ಮುಚ್ಚಿಕೊಂಡಳಂತೆ. ಅಮ್ಮ ಅದನ್ನು ಹೇಳುವಾಗ ಚಹಾ ಲೋಟ ಕೆಳಗಿಟ್ಟು ನಕ್ಕಳು. ಜೂನ್ ಆದಮೇಲೆ ನಕ್ಕದ್ದು ಅವತ್ತೇ ಮೊದಲು.

ಕಳೆದ ಶುಕ್ರವಾರ ನಲವತ್ತು ಜನವೂ ಮಹಡಿ ಹತ್ತಿದರು. ನಲವತ್ತು ಹಾಳೆ ಬರೆದೆ. ಪೆಟ್ಟಿಗೆಗೆ ಹಾಕಿಲ್ಲ, ಈ ಲಕೋಟೆಯಲ್ಲಿವೆ. ಎಲ್ಲವೂ ಒಂದೇ ಆಣೆಯಿಂದ ಶುರುವಾಗುತ್ತವೆ. ಇವುಗಳಲ್ಲಿ ಯಾವುದು ಯಾರದೆಂದು ಹ್ನಿಯಾಳಿಗಲ್ಲ, ಸೀದಿ ಬೂಜಿತೂನನಿಗೂ ತಿಳಿಯುವುದಿಲ್ಲ. ಬಿಲ್ಲೆ ಎರಡಾದರೂ ಹತ್ತಾದರೂ ಬೇಡ, ಮೊಳೆಯನ್ನೇ ಕೀಳಿ ಎಂದು ಕೇಳಿದ್ದಾರೆ. ಕರೆಯುವ ಪಟ್ಟಿಯನ್ನು ಗೇಟಿನ ಮೇಲೆ ಎಲ್ಲರಿಗೂ ಕಾಣುವಂತೆ ಹಾಕಿ, ಸರದಿಯ ಪ್ರಕಾರ ಕರೆಯಿರಿ ಎಂದಿದ್ದಾರೆ. ಒಂದು ಹಾಳೆ ಅಮ್ಮನದು. ಯಾವುದೆಂದು ನಾನು ಹೇಳುವುದಿಲ್ಲ.

ಎಣಿಸಬೇಡ. ನಲವತ್ತು ಎಂದು ನಾನೇ ಹೇಳಿದ್ದೇನಲ್ಲ. ಓದು. ಓದಿ ಮುಗಿಸಿದ ಮೇಲೂ ಇವುಗಳ ಫೋಟೊ ತೆಗೆದು ಇಲ್ಲಿಗೇ ಕಳಿಸುವುದಾದರೆ, ನೀನು ಯಾರ ಮಗಳೆಂದು ನಿನ್ನ ಆಫೀಸಿಗೆ ನಾನೇ ಬರೆಯುತ್ತೇನೆ. ಬೆದರಿಕೆ ಎಂದುಕೋ. ನಿಮ್ಮ ಪುಸ್ತಕದಲ್ಲಿ ಅದಕ್ಕೂ ಒಂದು ಕಂಬ ಇರಬಹುದು.

ದೇವರು ನಿನಗೆ ಆಯಸ್ಸು ಆರೋಗ್ಯ ಕೊಡಲಿ. ನಿನ್ನ ದಾರಿಯ ಮುಳ್ಳು ತೆಗೆಯಲಿ. ಸಿಟ್ಟಿನಲ್ಲಿ ಬರೆಯುತ್ತಿದ್ದರೂ ಇದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ. ಅಮ್ಮ ಪಕ್ಕದಲ್ಲಿ ಕೂತು, "ಚಳಿಗೆ ಕಿವಿ ಮುಚ್ಚಿಕೋ ಅಂತ ಬರಿ," ಎನ್ನುತ್ತಿದ್ದಾಳೆ. ಚಳಿಗೆ ಕಿವಿ ಮುಚ್ಚಿಕೋ. ಉಳಿದದ್ದಕ್ಕೆ ಮುಚ್ಚಿಕೊಳ್ಳಬೇಡ.

ನಿನ್ನ ತಂಗಿ,
ಸಿಹಾಮ್

ಮ.ಬ.: ಅಮ್ಮ ಕೆಳಗೆ ಹೋದಳು. ಈಗ ಬರೆಯಬಹುದು. ಅಮ್ಮನ ಹಳೆಯ ಹಾಳೆ ನಿನ್ನ ಹತ್ತಿರ ಇದ್ದರೆ ತೆಗೆದು ಕೊನೆಯ ಸಾಲು ನೋಡು. "ಬಿಲ್ಲೆ ಆ ಹೊತ್ತಿನಲ್ಲಿ ಯಾರ ಹತ್ತಿರ ಇತ್ತೋ ಗೊತ್ತಿಲ್ಲ" ಎಂದಿದೆ. ಅದು ಸುಳ್ಳು. ಬಿಲ್ಲೆ ನನ್ನ ಏಪ್ರನ್ ಜೇಬಿನಲ್ಲಿತ್ತು. ನನಗೆ ಹೋಗುವ ಅಗತ್ಯವೂ ಇರಲಿಲ್ಲ. ನಿಂತು ನಿಂತು ಬೇಸರವಾಗಿತ್ತು. ಮಂಜುಗಡ್ಡೆ ಕೋಣೆಯ ಹಿಂದೆ ನಿಂತರೆ ಬಂದರು ಕಾಣುತ್ತದೆ. ಒಂದು ಕೆಂಪು ದೋಣಿ ಹೊರಗೆ ಹೋಗುತ್ತಿತ್ತು, ಅದು ಕಲ್ಲುಗೋಡೆ ದಾಟುವವರೆಗೆ ನೋಡುತ್ತ ನಿಂತೆ. ವಾಪಸು ಬಂದಾಗ ಅಮ್ಮನ ಬೂಟಿನ ಸುತ್ತ ನೀರಿತ್ತು. ಅವಳು ಖಾಲಿ ಮೊಳೆ ನೋಡಿದಳು, ನನ್ನ ಕೈಯಲ್ಲಿದ್ದ ಬಿಲ್ಲೆ ನೋಡಿದಳು, "ಮೀನಿನ ನೀರು," ಎಂದಳು. "ಹೌದು, ಮೀನಿನ ನೀರೇ," ಎಂದೆ. ಪಕ್ಕದವಳು ನಾನು.

ಮಹಡಿಯ ಮೇಲೆ ಅವಳು ಹೇಳಿ ಬರೆಸುವಾಗ ನಾನು ಪೆನ್ನು ನಿಲ್ಲಿಸಿ, "ಬಿಲ್ಲೆ ಯಾರ ಹತ್ರ ಇತ್ತು ಅಂತ ಬರೀಲಿ?" ಎಂದೆ. "ಗೊತ್ತಿಲ್ಲ ಅಂತ ಬರಿ." "ಅಮ್ಮ..." "ಹೇಳಿದ್ದನ್ನ ಹೇಳಿದ ಹಾಗೇ ಬರೀತೀನಿ ಅಂದ್ಯಲ್ಲ. ಬರಿ." ಬರೆದೆ. ಅದಾದ ಮೇಲೆ ಅವಳು ಆ ಮಾತು ಎತ್ತಿಲ್ಲ. ಹ್ನಿಯಾಳಿಗೆ ಹೇಳಿದ್ದು ಇದನ್ನೇ. ಈಗ ನಿನಗೆ ಹೇಳಿದ್ದೇನೆ. ಅಮ್ಮನಿಗೆ ಹೇಳಬೇಕಾಗಿಲ್ಲ, ಅವಳಿಗೆ ಗೊತ್ತು.

ದೂರದ ದಕ್ಷಿಣದ ದಾಖ್ಲಾ ಊರಿನ ಮೀನಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಬಸ್ಸು ಬೆಳಿಗ್ಗೆ ಏಳಕ್ಕೆ. ನಾಳೆ ಹೊರಡುತ್ತೇನೆ.